ಪರದೇಶದ ಪಿಆರ್‌ಗೆ ಹನ್ನೊಂದು ಸೂತ್ರ: ಮುಕ್ಕಾಲು ಕೆಲಸ ಊರಲ್ಲೇ

ಮುಧೋಳದ ಬೇಟೆನಾಯಿ ಸಂಸ್ಥಾನಿಕರ ಉಡುಗೊರೆಯಾಗಿ ಐದನೇ ಜಾರ್ಜ್ ದೊರೆಯ ಕೈ ಸೇರಿತು. ಮುಧೋಳದ ಮನುಷ್ಯರಿಗೆ ಆ ಯೋಗವಿಲ್ಲ. ಅವರು ಅರ್ಜಿ ತುಂಬಬೇಕು, ಅಂಕ ಗಳಿಸಬೇಕು, ಕಾಗದ ತೋರಿಸಬೇಕು. ಜಮಖಂಡಿಯ ಎಂಜಿನಿಯರ್ ಆಗಲಿ, ಬೀಳಗಿಯ ವೆಲ್ಡರ್ ಆಗಲಿ, ಬನಹಟ್ಟಿಯ ನೇಕಾರರ ಮನೆಯ ನರ್ಸ್ ಆಗಲಿ, ಎಲ್ಲರ ಪ್ರಶ್ನೆ ಒಂದೇ: "ಅಲ್ಲೇ ಕಾಯಂ ಇರಾಕ ಆಗತೈತೇನ್ರಿ?" ಆಗುತ್ತದೆ. ಆದರೆ ಕಡತ ಕೆಡುವುದು ರಾಯಭಾರ ಕಚೇರಿಯಲ್ಲಲ್ಲ, ನಮ್ಮ ಶಾಲೆಯ ದಾಖಲಾತಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಕಾರ್ಖಾನೆಯ ಹಾಜರಿಯಲ್ಲಿ. ಹಾಗಾಗಿ ಸೂತ್ರಗಳೂ ಅಲ್ಲಿಂದಲೇ ಶುರು.

1. ಮೊದಲು ದೇಶ ಆರಿಸಿ

ವೀಸಾ ಬೇರೆ, ಕಾಯಂ ವಾಸದ ಹಕ್ಕು (ಪಿಆರ್) ಬೇರೆ. ಕೊಲ್ಲಿ ದೇಶಗಳಲ್ಲಿ ಇಪ್ಪತ್ತು ವರ್ಷ ದುಡಿದರೂ ದುಡಿದ ಮಾತ್ರಕ್ಕೆ ಪಿಆರ್ ಬರುವುದಿಲ್ಲ. ಅಲ್ಲಿಯ ರೆಸಿಡೆನ್ಸಿ ಸಾಮಾನ್ಯವಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಅದೂ ಹೋಯಿತು. ಯುಎಇಯಲ್ಲಿ 10 ವರ್ಷದ ಗೋಲ್ಡನ್ ವೀಸಾ ಇದೆ, ಅದು ಹೂಡಿಕೆದಾರರಿಗೆ, ದೊಡ್ಡ ಸಂಬಳದ ಪರಿಣತರಿಗೆ. ಅಮೆರಿಕದಲ್ಲಿ ನೌಕರಿ ಆಧಾರದ ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೂ ಶೇ 7ರ ಮಿತಿ, ಭಾರತೀಯರ ಸರದಿ ಬಹಳ ಉದ್ದ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅಂಕವಿದ್ದರೆ ಊರಲ್ಲಿ ಕೂತೇ ಪಿಆರ್‌ಗೆ ಹಾಕಬಹುದು. ಆಸ್ಟ್ರೇಲಿಯಾಕ್ಕೆ ಕನಿಷ್ಠ 65 ಅಂಕ, ವಯಸ್ಸು 45ರೊಳಗೆ. ಜರ್ಮನಿಗೆ ಬ್ಲೂ ಕಾರ್ಡ್ ಮೇಲೆ ಹೋದವರಿಗೆ ತೀರಾ ಪ್ರಾಥಮಿಕ ಜರ್ಮನ್ ಬಂದರೆ 27 ತಿಂಗಳಿಗೆ, ಬಿ1 ಮಟ್ಟ ಮುಟ್ಟಿದರೆ 21 ತಿಂಗಳಿಗೆ ಕಾಯಂ ಪರವಾನಗಿಯ ದಾರಿ ತೆರೆಯುತ್ತದೆ. ದುಡಿದು ಮರಳುವುದು ಗುರಿಯೋ, ಅಲ್ಲೇ ನೆಲೆಸುವುದೋ? ಉತ್ತರ ಮೊದಲು ಮನೆಯಲ್ಲಿ ಇತ್ಯರ್ಥವಾಗಲಿ.

2. ಎಲ್ಲ ಕಾಗದದಲ್ಲೂ ಒಂದೇ ಹೆಸರು

ನಮ್ಮ ಕಡೆ ಒಬ್ಬನೇ ಮನುಷ್ಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಬಸಪ್ಪ ಎಂ.", ಆಧಾರ್‌ನಲ್ಲಿ "ಬಸಪ್ಪ ಮಲ್ಲಪ್ಪ", ಪದವಿಯಲ್ಲಿ ಊರಿನ ಅಡ್ಡಹೆಸರು ಸೇರಿ "ಬಸಪ್ಪ ಬೀಳಗಿ". ನಮಗೆ ಮೂವರೂ ಒಬ್ಬನೇ. ಪರದೇಶದ ಅಧಿಕಾರಿಗೆ ಮೂರು ಮಂದಿ. ಇಂಗ್ಲಿಷ್‌ನಲ್ಲಿ ಜಮಖಂಡಿಯನ್ನು ಒಬ್ಬರು ಎರಡು "ಎ" ಹಾಕಿ ಬರೆದರೆ ಇನ್ನೊಬ್ಬರು ಮೂರು ಹಾಕುತ್ತಾರೆ. ಅಡ್ಡಹೆಸರೇ ಜಮಖಂಡಿಯಾದವರಿಗೆ ಇದೇ ತಕರಾರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವೆಂದು ಹಿಡಿದು ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್‌ಗಳನ್ನು ಅದಕ್ಕೆ ಹೊಂದಿಸಿ. ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ. ಒಂಟಿ ಹೆಸರಿನ ಪಾಸ್‌ಪೋರ್ಟ್ ಮೇಲೆ ಬರುವ ಭೇಟಿದಾರರ ವಿಷಯದಲ್ಲಿ ಯುಎಇ 2022ರ ನವೆಂಬರ್‌ನಿಂದಲೇ ನಿಯಮ ಬಿಗಿಮಾಡಿದೆ.

3. ಹುಟ್ಟಿದ ಜಿಲ್ಲೆಯ ಕಥೆ ಮೊದಲೇ ಬರೆದಿಡಿ

ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಜನನ ಪತ್ರದಲ್ಲಿ ಬಿಜಾಪುರ ಜಿಲ್ಲೆ ಇರುತ್ತದೆ. ಆ ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ರಬಕವಿ-ಬನಹಟ್ಟಿ ಮೊದಲು ಜಮಖಂಡಿ ತಾಲ್ಲೂಕಿನಲ್ಲಿತ್ತು, ಈಗ ಅದೇ ತಾಲ್ಲೂಕು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರೇ ಮುಳುಗಿ, ವಿಳಾಸ ಪುನರ್ವಸತಿ ಕೇಂದ್ರದ್ದಾಗಿದೆ. ಇದನ್ನೆಲ್ಲ ಅಧಿಕಾರಿ ಊಹಿಸಿಕೊಳ್ಳಲಿ ಎಂದು ಬಿಡಬೇಡಿ. ಅರ್ಜಿಯ ಜೊತೆ ಅರ್ಧ ಪುಟದ ವಿವರಣೆ ಲಗತ್ತಿಸಿ, ಮುಗಿಯಿತು. ಜನನ ನೋಂದಣಿಯೇ ಆಗಿರದಿದ್ದರೆ ಇಂದೇ ಶುರುಮಾಡಿ. ವರ್ಷ ದಾಟಿದ ಜನನಕ್ಕೆ ಅಧಿಕಾರಿಯ ಆದೇಶ ಬೇಕು, ಅದಕ್ಕೆ ಓಡಾಟವಿದೆ. ಮದುವೆಯ ಕಥೆಯೂ ಇಷ್ಟೇ. ಲಗ್ನಪತ್ರಿಕೆ, ಫೋಟೋ ಆಲ್ಬಮ್ ಇದ್ದರೆ ಸಾಲದು, ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಕೈಯಲ್ಲಿರಲಿ.

4. ಪಾಸ್‌ಪೋರ್ಟ್ ಇಸಿಆರ್ ಆಗಿದೆಯೇ ನೋಡಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗದ್ದು. ಸೌದಿ, ಯುಎಇ, ಕುವೈತ್, ಕತಾರ್, ಮಲೇಷ್ಯಾ, ಇಂಡೊನೇಷ್ಯಾ ಸೇರಿ 18 ದೇಶಗಳಿಗೆ ನೌಕರಿಗೆ ಹೋಗುವಾಗ ಇವರಿಗೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಇ-ಮೈಗ್ರೇಟ್ ತಾಣದಲ್ಲಿ ಅದು ಸಿಗುತ್ತದೆ. ಅದರ ಜೊತೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ, ಎರಡು ವರ್ಷಕ್ಕೆ ಪ್ರೀಮಿಯಂ ತೆರಿಗೆ ಬಿಟ್ಟು 275 ರೂಪಾಯಿ. "ವಿಸಿಟ್ ವೀಸಾದಾಗ ಹೋಗು, ಅಲ್ಲಿ ನೋಡ್ಕೊಳ್ಳೋಣು" ಅನ್ನುವವರ ಮಾತು ಕೇಳಿದರೆ ಇವೆರಡೂ ತಪ್ಪುತ್ತವೆ. ಮಾನ್ಯತೆ ಪಡೆದ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ ಇದ್ದವರಿಗೆ ಇಸಿಆರ್‌ನಿಂದ ವಿನಾಯಿತಿ ಉಂಟು, ವಿಚಾರಿಸಿ.

5. ಪದವಿ ಕೊಟ್ಟ ವಿಶ್ವವಿದ್ಯಾಲಯ ಯಾವುದು?

ಜಮಖಂಡಿಯ ಒಂದೇ ಕಾಲೇಜಿನಲ್ಲಿ ಓದಿದ ಅಣ್ಣನ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ತಮ್ಮನದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು ಇರಬಹುದು. ಎರಡನೆಯದು ಶುರುವಾದದ್ದು 2010ರಲ್ಲಿ. ಈಗ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಎಂಜಿನಿಯರಿಂಗ್‌ಗೆ ವಿಟಿಯು, ನರ್ಸಿಂಗ್‌ಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಟ್ರಾನ್ಸ್‌ಕ್ರಿಪ್ಟ್ ಬರಬೇಕಾದ್ದು ಪದವಿ ಕೊಟ್ಟವರಿಂದ, ಕಾಲೇಜಿನಿಂದಲ್ಲ. ದೃಢೀಕರಣದ ನಿಯಮ ದೇಶಕ್ಕೊಂದು. ಒಂದೇ ಮುದ್ರೆಯ ದೃಢೀಕರಣವನ್ನು ದೇಶಗಳು ಪರಸ್ಪರ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ರಾಜ್ಯ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂದು ಮೆಟ್ಟಿಲು ಹತ್ತಬೇಕು. ಭಾರತ ಆ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ನಮ್ಮ ಅಪೊಸ್ಟಿಲ್ ಮುದ್ರೆ ಅಲ್ಲಿ ನಡೆಯುವುದಿಲ್ಲ. ಏಜೆಂಟ್ ಹೇಳಿದನೆಂದು ಎಲ್ಲಕ್ಕೂ ಮುದ್ರೆ ಒತ್ತಿಸಿ ದುಡ್ಡು ಸುರಿಯಬೇಡಿ.

6. ಅನುಭವ ಪತ್ರದಲ್ಲಿ ಕೆಲಸ ಕಾಣಬೇಕು

"ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಶುಭವಾಗಲಿ" ಎಂಬ ಪತ್ರ ಗೋಡೆಗೆ ತೂಗುಹಾಕಲು ಸಾಕು, ಕೆನಡಾಕ್ಕೆ ಸಾಲದು. ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ-ಬಿಟ್ಟ ತಾರೀಖು, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮಾಡಿದ ಕೆಲಸಗಳ ಪಟ್ಟಿ, ಸಹಿ ಮಾಡಿದವರ ಹೆಸರು ಇರಬೇಕು.

ಸಕ್ಕರೆ ಕಾರ್ಖಾನೆಯವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಕೆನಡಾದ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಒಂದೇ ಬಗೆಯ ಕೆಲಸದಲ್ಲಿ ಒಂದು ವರ್ಷ ತಡೆಯಿಲ್ಲದ ಅನುಭವ, ಒಟ್ಟು 1,560 ಗಂಟೆ ಬೇಕು. ಕಬ್ಬು ನುರಿಸುವ ಹಂಗಾಮಿಗೆ ಮಾತ್ರ ಹಾಜರಿ ಇರುವ ಸೀಜನಲ್ ನೌಕರನ ಐದು ಹಂಗಾಮು ಕೂಡಿಸಿದರೂ ಆ ತಡೆಯಿಲ್ಲದ ವರ್ಷ ಆಗುವುದಿಲ್ಲ. ಹಂಗಾಮು ಮುಗಿದ ಮೇಲೆ ರಿಪೇರಿ ಕೆಲಸಕ್ಕೂ ನಿಮ್ಮನ್ನು ಉಳಿಸಿಕೊಂಡಿದ್ದರೆ ಅದು ಪತ್ರದಲ್ಲಿ ತಪ್ಪದೆ ಬರಲಿ. ಸ್ವಂತ ಪವರ್‌ಲೂಮ್ ನಡೆಸುವವರಿಗೆ ಪತ್ರ ಕೊಡುವ ಮಾಲೀಕನೇ ಇಲ್ಲ. ಅವರು ಜಿಎಸ್‌ಟಿ ನೋಂದಣಿ, ನೂಲು ಕೊಂಡ ಬಿಲ್ಲು, ಸೀರೆ ಮಾರಿದ ಬಿಲ್ಲು, ಮಗ್ಗದ ಶೆಡ್ಡಿನ ಕರೆಂಟ್ ಬಿಲ್ಲು, ವ್ಯಾಪಾರಿಗಳ ಪತ್ರ ಜೋಡಿಸಬೇಕು.

7. ವಯಸ್ಸು ಕಳೆಯುವುದನ್ನು ಭಾಷೆ ಕೂಡಿಸುತ್ತದೆ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಬ್ಬಂಟಿ ಅರ್ಜಿದಾರನಿಗೆ 20ರಿಂದ 29ರ ವಯಸ್ಸಿಗೆ 110 ಅಂಕ. 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಅನ್ನುವುದು ಇದಕ್ಕೇ. ಆದರೆ ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 6 ಬಂದವನಿಗೆ ಭಾಷೆಯ ಅಂಕ 68. ಆಲಿಸುವಿಕೆಯಲ್ಲಿ 8, ಉಳಿದ ಮೂರರಲ್ಲಿ 7 ತಂದರೆ 124. ಅಂದರೆ 56 ಅಂಕ ಹೆಚ್ಚು. ಮೂವತ್ತರಿಂದ ಮೂವತ್ತೈದಕ್ಕೆ ಕಾಲಿಡುವಾಗ ಕಳೆದುಕೊಳ್ಳುವ 28ರ ದುಪ್ಪಟ್ಟು. ಕನ್ನಡ ಮಾಧ್ಯಮದವರು ಹೆದರಬೇಕಿಲ್ಲ. ವ್ಯಾಕರಣದ ಗೈಡ್ ಬದಿಗಿಟ್ಟು ದಿನಾ ಅರ್ಧ ಗಂಟೆ ರೇಡಿಯೊ ಸುದ್ದಿ ಕೇಳಿ, ಒಂದು ಪುಟ ಬರೆದು ತಿದ್ದಿಸಿಕೊಳ್ಳಿ. ಪರೀಕ್ಷೆಯ ಫಲಿತಾಂಶ ಎರಡೇ ವರ್ಷ ಊರ್ಜಿತ, ಅರ್ಜಿಯ ಹೊತ್ತು ನೋಡಿ ಬರೆಯಿರಿ. ಜರ್ಮನಿಗೆ ಹೊರಟ ನರ್ಸ್‌ಗಳು ಸಾಮಾನ್ಯವಾಗಿ ಬಿ2 ಜರ್ಮನ್ ಕಲಿಯಬೇಕು. ಮುಧೋಳದಲ್ಲಿ ಕೂತು ಆನ್‌ಲೈನ್ ಕಲಿಯಬಹುದು.

8. ಹೊಲವಲ್ಲ, ಬ್ಯಾಂಕಿನ ಆರು ತಿಂಗಳು

ಘಟಪ್ರಭಾ ನೀರು ಹರಿಯುವ ಎಂಟು ಎಕರೆ ಕಬ್ಬಿನ ಹೊಲವಿದ್ದರೂ ಕೆನಡಾದ ಖರ್ಚಿನ ಹಣದ ಲೆಕ್ಕಕ್ಕೆ ಅದು ಬರುವುದಿಲ್ಲ. ಆಸ್ತಿಯ ಬೆಲೆಯನ್ನು ಅಲ್ಲಿ ಹಣವೆಂದು ಎಣಿಸುವುದಿಲ್ಲ. ಉತಾರ ಅನುವಾದ ಮಾಡಿಸಿ ಕಳಿಸಿ ಫಲವಿಲ್ಲ. ಖಾತೆಯಲ್ಲಿರುವ ಹಣ, ಅದರ ಆರು ತಿಂಗಳ ಸರಾಸರಿ, ಇರುವ ಸಾಲ, ಇವನ್ನು ಬರೆದ ಬ್ಯಾಂಕಿನ ಪತ್ರ ಬೇಕು. ಕೈಗಡ ತಂದು ಹಾಕಿದ ಹಣ ನಡೆಯುವುದಿಲ್ಲ. ಕಬ್ಬಿನ ಬಿಲ್ಲು ಒಮ್ಮೆಲೆ ದೊಡ್ಡ ಮೊತ್ತವಾಗಿ ಬರುವುದರಿಂದ ಕಾರ್ಖಾನೆಯ ತೂಕದ ಚೀಟಿ, ಪಾವತಿ ವಿವರ ಎತ್ತಿಡಿ. ಅಪ್ಪನೋ ಮಾವನೋ ಕೊಟ್ಟದ್ದಾದರೆ ದಾನಪತ್ರ ಮಾಡಿಸಿ. ಇನ್ನು ವೀಸಾ ಕೈಗೆ ಬರುವ ಮೊದಲೇ ಹೊಲ ಮಾರುವುದು, ನೌಕರಿಗೆ ರಾಜೀನಾಮೆ ಕೊಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

9. ಏಜೆಂಟನ ನಂಬರ್ ಕೇಳಿ, ಗ್ಯಾರಂಟಿ ಕೇಳಬೇಡಿ

"ನೂರಕ್ಕೆ ನೂರು ಪಿಆರ್" ಎಂದು ಮಾತು ಕೊಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಕೊಲ್ಲಿಗೆ ಕಳಿಸುವವನಾದರೆ ಇ-ಮೈಗ್ರೇಟ್ ತಾಣದ ಪಟ್ಟಿಯಲ್ಲಿ ಅವನ ನೋಂದಣಿ ಸಂಖ್ಯೆ ನೋಡಿ. ಅವನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಕೆನಡಾದ ಸಲಹೆಗಾರನಾದರೆ ಆರ್‌ಸಿಐಸಿ ಸಂಖ್ಯೆ ಕೇಳಿ, ಆನ್‌ಲೈನ್ ಪಟ್ಟಿಯಲ್ಲಿ ತಾಳೆ ಹಾಕಿ. ಅಲ್ಲಿಯ ನೌಕರಿಯ ಆಫರ್ ಕೊಡಿಸಿ ಅಂಕ ಹೆಚ್ಚಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆಫರ್‌ಗೆ ಕೊಡುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಲಾಗಿದೆ. ಬ್ರಿಟನ್ನಿನ ಕೇರ್ ವರ್ಕರ್ ವೀಸಾ ಕೊಡಿಸುತ್ತೇನೆ ಎನ್ನುವವನಿಗೂ ಇದೇ ಉತ್ತರ: ಹೊರದೇಶದಿಂದ ಹೊಸಬರನ್ನು ಕರೆಸುವ ಆ ದಾರಿ 2025ರ ಜುಲೈ 22ಕ್ಕೆ ಮುಚ್ಚಿತು.

10. ಬಿಟ್ಟುಬರುವ ದೇಶದ ಪೊಲೀಸ್ ಪತ್ರ ತನ್ನಿ, ಸಿಕ್ಕ ಪಿಆರ್ ಉಳಿಸಿಕೊಳ್ಳಿ

ದುಬೈ, ಮಸ್ಕತ್‌ನಲ್ಲಿ ದುಡಿದು ಕೆನಡಾಕ್ಕೆ ಹಾಕುವವರು ಕಳೆದ ಹತ್ತು ವರ್ಷದಲ್ಲಿ ಸತತ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಕ್ಲಿಯರೆನ್ಸ್ ಕೊಡಬೇಕು. ಅಲ್ಲಿರುವಾಗ ಸುಲಭ, ಊರಿಗೆ ಬಂದ ಮೇಲೆ ಹರಸಾಹಸ. ಪಿಆರ್ ಸಿಕ್ಕಿತೆಂದು ಕಾರ್ಡ್ ಬೀರುವಿನಲ್ಲಿಟ್ಟು ಊರಲ್ಲಿ ಕೂರುವಂತೆಯೂ ಇಲ್ಲ. ಕೆನಡಾದಲ್ಲಿ ಐದು ವರ್ಷದೊಳಗೆ 730 ದಿನ ಇರಬೇಕು. ಯುಎಇಯ ಸಾಮಾನ್ಯ ರೆಸಿಡೆನ್ಸಿ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ. ಜಾತ್ರೆಗೆ, ಮದುವೆಗೆ ಬಂದು ಹೋಗುವ ದಿನಗಳನ್ನೂ ಲೆಕ್ಕ ಇಡಿ.

11. ಪಿಆರ್ ಬಂದರೂ ನೀವು ಭಾರತೀಯರೇ. ಹೊಲದ ಲೆಕ್ಕ ಮರೆಯಬೇಡಿ

ಪಿಆರ್ ಪಡೆದರೆ ಪೌರತ್ವ ಹೋಗುವುದಿಲ್ಲ, ಪಾಸ್‌ಪೋರ್ಟ್ ಭಾರತದ್ದೇ. ಮತದಾರರ ಪಟ್ಟಿಗೆ ನಮೂನೆ 6ಎ ತುಂಬಿದರೆ ಊರಿಗೆ ಬಂದು ಮತ ಹಾಕಬಹುದು. ಪರದೇಶದ ಪೌರತ್ವ ತೆಗೆದುಕೊಂಡ ದಿನ ಮಾತ್ರ ಭಾರತದ್ದು ಮುಗಿಯಿತು. ನಮಗೆ ಎರಡು ಪೌರತ್ವದ ಅವಕಾಶವಿಲ್ಲ. ಆಮೇಲೆ ಉಳಿಯುವುದು ಒಸಿಐ ಕಾರ್ಡ್, ಅದಕ್ಕೆ ಮತವಿಲ್ಲ.

ಜಮೀನಿನ ಮಾತು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಬಿಟ್ಟಿತು. ಆದರೆ ಅನಿವಾಸಿಗಳಿಗೆ, ಒಸಿಐನವರಿಗೆ ಕೇಂದ್ರದ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮ ಅಡ್ಡ ಬರುತ್ತದೆ. ಅವರು ಕೃಷಿ ಜಮೀನು ಖರೀದಿಸುವಂತಿಲ್ಲ. ಹೋಗುವ ಮೊದಲು ಕೊಂಡದ್ದು, ವಾರಸಾ ಹಕ್ಕಿನಿಂದ ಬಂದದ್ದು ಇಟ್ಟುಕೊಳ್ಳಬಹುದು. ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಿಸಿ. ಅಣ್ಣತಮ್ಮಂದಿರ ವಾಟ್ನಿ ಬಾಕಿಯಿದ್ದರೆ ಹೊರಡುವ ಮೊದಲೇ ಮುಗಿಸಿ, ಉತಾರದಲ್ಲಿ ಹೆಸರು ಏರಿಸಿಕೊಂಡು ಹೋಗಿ.

ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ಸರ್ಕಾರದ ತಾಣ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಆದರೆ ಹೆಸರು, ಜನನ, ಅನುಭವ, ಬ್ಯಾಂಕು ಈ ನಾಲ್ಕನ್ನು ಯಾವ ದೇಶವಾದರೂ ಕೇಳುತ್ತದೆ. ಮಕ್ಕಳು ಹತ್ತನೇ ತರಗತಿಯಲ್ಲಿದ್ದರೆ ಈ ವಾರವೇ ಶಾಲೆಗೆ ಹೋಗಿ, ಅಂಕಪಟ್ಟಿಗೆ ಹೋಗಲಿರುವ ಹೆಸರಿನ ಕಾಗುಣಿತ ನೋಡಿ ಬನ್ನಿ. ಈಗಲಾದರೆ ತಿದ್ದಲು ಅರ್ಧ ದಿನ ಸಾಕು.