ತಂತಿ ಕಡಿದಾಗ ಯಂತ್ರ ಏನು ಮಾಡಬೇಕು? ಸರಣಿ ಜೋಡಣೆಯ ಒಂದು ಪಾಠ

ಬೋಧನಾಭ್ಯಾಸದಲ್ಲಿ ಪೀಣ್ಯದ ಪ್ರೌಢಶಾಲೆಯೊಂದರ ಹತ್ತನೇ ತರಗತಿಗೆ ಸರಣಿ ಜೋಡಣೆ ಬೋಧಿಸಿದೆ. ರೋಧಕಗಳ ಲೆಕ್ಕಕ್ಕೆ ಮೊದಲು ಪವರ್ ಪ್ರೆಸ್ಸನ್ನು ಉದಾಹರಣೆಯಾಗಿ ತೆಗೆದುಕೊಂಡೆ. ಅಲ್ಲಿನ ಹಲವು ಮಕ್ಕಳ ಮನೆಯವರು ತಗಡು ಒತ್ತುವ ಈ ಯಂತ್ರಗಳ ಮುಂದೆಯೇ ದುಡಿಯುತ್ತಾರೆ. ಎರಡು ಕೈಗಳಿಂದ ಎರಡು ಗುಂಡಿ ಒತ್ತಿದರಷ್ಟೇ ಪ್ರೆಸ್ ಇಳಿಯುತ್ತದೆ. ಆಗ ಕೈಗಳು ಡೈ ಕೆಳಗೆ ಇರಲಾರವು.

ಎರಡು ಸ್ವಿಚ್, ಬ್ಯಾಟರಿ, ಬಲ್ಬನ್ನು ಸರಣಿಯಲ್ಲಿ ಜೋಡಿಸಿದೆವು. ಬಲ್ಬು ಉರಿದರೆ ಪ್ರೆಸ್ ಇಳಿಯಿತೆಂದು ಅರ್ಥ. ತಂತಿ ಬಿಚ್ಚಿದೆ, ಬಲ್ಬು ಆರಿತು. ಯಂತ್ರ ಕೆಟ್ಟಿತು, ಕೈ ಉಳಿಯಿತು.

ಎರಡನೆಯ ಮಾದರಿಯಲ್ಲಿ ಬಲ್ಬು ಉರಿಯುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಬೇರೊಂದು ತಂತಿಯ ಮೂಲಕ ಬಜರ್ ಬಾರಿಸಬೇಕು, ಅದನ್ನು ಕೇಳಿದ ಹುಡುಗ ಸ್ವಿಚ್ ಆರಿಸಬೇಕು. ಮಕ್ಕಳಿಗೆ ತಿಳಿಯದಂತೆ ಬಜರಿನ ತಂತಿ ಸಡಿಲಿಸಿಟ್ಟೆ. ಹುಡುಗಿಯೊಬ್ಬಳು ಗುಂಡಿ ಒತ್ತುತ್ತಲೇ ಇದ್ದಳು, ಬಲ್ಬು ಉರಿಯುತ್ತಲೇ ಇತ್ತು. ಎರಡು ಮಾದರಿಯಲ್ಲೂ ಕಡಿದದ್ದು ತಂತಿಯೇ. ಮೊದಲನೆಯದು ತನ್ನ ದೋಷವನ್ನು ಒಡನೆಯೇ ತೋರಿಸಿತು, ಎರಡನೆಯದು ಬಚ್ಚಿಟ್ಟುಕೊಂಡಿತು.

ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ರೈಲು ಬ್ರೇಕು ಗಾಳಿ ತುಂಬಿದಾಗ ಹಿಡಿಯುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಆತ ಅದನ್ನು ತಿರುಗುಮುರುಗು ಮಾಡಿದ: ಒತ್ತಡ ಇಳಿದರೆ ಬ್ರೇಕ್ ಹಿಡಿಯಬೇಕು. ಗಾಳಿ ಸೋರಿ ರಸ್ತೆಯಲ್ಲಿ ಕದಲದೆ ನಿಂತ ಲಾರಿಯನ್ನು ಮಕ್ಕಳು ನೋಡಿಯೇ ಇದ್ದರು. ಅಲ್ಲಿ ಬ್ರೇಕ್ ಒತ್ತಿ ಹಿಡಿದಿರುವುದು ಸ್ಪ್ರಿಂಗ್.

ಆಗ ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿಬಿಡ್ತಾರೆ. ಕೆಲಸ ಬೇಗ ಆಗುತ್ತೆ ಅಂತ. ನಮ್ಮಪ್ಪಂಗೆ ಹಂಗೇ ಎರಡು ಬೆರಳು ಹೋದ್ವು" ಎಂದ. ತರಗತಿ ಸುಮ್ಮನಾಯಿತು. ಅವನನ್ನೇ ಕರೆದು ಒಂದು ಸ್ವಿಚ್ಚನ್ನು ಒತ್ತಿ ಕಟ್ಟಿಸಿದೆ. ಒಂದೇ ಕೈಗೆ ಬಲ್ಬು ಉರಿಯಿತು. ತಂತಿ ಕಡಿಯುವಂತೆ ಮನುಷ್ಯನ ಅವಸರವನ್ನೂ ನಿರೀಕ್ಷಿಸಿಯೇ ಯಂತ್ರ ರೂಪಿಸಬೇಕು. ಒಳ್ಳೆಯ ಪ್ರೆಸ್ಸಿನಲ್ಲಿ ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನೊಳಗೆ ಒತ್ತಬೇಕು, ಮುಂದಿನ ಪೆಟ್ಟಿಗೆ ಮೊದಲು ಎರಡನ್ನೂ ಬಿಡಬೇಕು. ಕಡ್ಡಿ ಸಿಕ್ಕಿಸಿದರೆ ಅದು ಇಳಿಯುವುದೇ ಇಲ್ಲ. ನಮ್ಮ ಸಾದಾ ಮಂಡಲಕ್ಕೆ ಆ ಶಕ್ತಿಯಿಲ್ಲ ಎಂಬುದನ್ನು ಮಕ್ಕಳೇ ಹೇಳಿದರು. ರೋಧಕಗಳ ಲೆಕ್ಕ ಮರುದಿನಕ್ಕೆ ಉಳಿಯಿತು. ಉಳಿದರೆ ಉಳಿಯಲಿ ಎನಿಸಿತು.

ಮೌಲ್ಯಮಾಪನಕ್ಕೆ ಕೇಳಿದ ಪ್ರಶ್ನೆ: ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಕಾರ್ಡ್ ತೋರಿಸಿ ತೆರೆಯುವ ಬಾಗಿಲು ಕರೆಂಟ್ ಹೋದಾಗ ತೆರೆದುಕೊಳ್ಳಬೇಕೋ, ಮುಚ್ಚಿಕೊಂಡಿರಬೇಕೋ? ಬೆಂಕಿ ಬಿದ್ದರೆ ಜನ ಹೊರಬರಬೇಕು, ತೆರೆಯಬೇಕು ಎಂದರು ಹೆಚ್ಚಿನವರು. ಬ್ಯಾಂಕಿನ ತಿಜೋರಿ ಕೋಣೆಗಾದರೆ ಮುಚ್ಚಿಯೇ ಇರಬೇಕು ಎಂದಳು ಒಬ್ಬಳು. ಪಕ್ಕದವಳು ತಕ್ಷಣ ಕೇಳಿದಳು: "ಒಳಗೆ ಯಾರಾದ್ರೂ ಇದ್ರೆ?"