ಸುಕ್ಕು ತುಂಬುವ ಚುಚ್ಚುಮದ್ದು: ಗುಣವರಿತು ನಿರ್ಧರಿಸಿರಿ

ವಯಸ್ಸು ಏರಿದಂತೆ ಮುಖದ ಚರ್ಮ ಸಡಿಲಗೊಂಡು ಸುಕ್ಕುಗಟ್ಟುವುದು ಸಹಜ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಿರುಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರಲ್ಲಿ ಇದು ಬೇಗನೆ ತಲೆದೋರುತ್ತದೆ. ಸುಕ್ಕು ತುಂಬಲು, ತುಟಿಯನ್ನು ದಪ್ಪವಾಗಿಸಲು ನಗರಗಳಲ್ಲಿ ನೀಡುವ ‘ಫಿಲ್ಲರ್’ ಚುಚ್ಚುಮದ್ದಿನ ಪ್ರಚಾರವು ಮೊಬೈಲಿನ ಮೂಲಕ ಹಳ್ಳಿಗಳನ್ನೂ ಮುಟ್ಟಿದೆ. ‘ಇದು ದೇಹದಲ್ಲಿಯೇ ಇರುವ ವಸ್ತು, ಆದ್ದರಿಂದ ನಿರಪಾಯ’ ಎಂಬ ಮಾತು ಅರ್ಧಸತ್ಯವಾಗಿದೆ.

ಆ ವಸ್ತುವೇ ಹೈಲುರಾನಿಕ್ ಆಮ್ಲ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು 1934ರಲ್ಲಿ ದನದ ಕಣ್ಣಿನೊಳಗಿನ ದ್ರವ್ಯದಿಂದ ಇದನ್ನು ಬೇರ್ಪಡಿಸಿದರು. ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿ ಇದಾಗಿದೆ. ನೀರನ್ನು ಹಿಡಿದಿಡುವುದು ಇದರ ಮುಖ್ಯ ಗುಣ. 70 ಕಿಲೋ ತೂಕದ ವ್ಯಕ್ತಿಯಲ್ಲಿ ಇದು ಸುಮಾರು 15 ಗ್ರಾಂ ಇದ್ದು, ಅದರ ಅರ್ಧದಷ್ಟು ಚರ್ಮದಲ್ಲಿರುತ್ತದೆ. ದಿನವೊಂದಕ್ಕೆ ಮೂರನೆಯ ಒಂದು ಭಾಗ ಕರಗಿ ಹೊಸದಾಗಿ ಹುಟ್ಟುತ್ತದೆ. ಕೀಲುಗಳ ಜಾರುದ್ರವದಲ್ಲಿಯೂ ಇದುಂಟು.

ಇಷ್ಟು ಬೇಗ ಕರಗುವ ವಸ್ತುವನ್ನು ಹಾಗೆಯೇ ಚುಚ್ಚಿದರೆ ಕೆಲವೇ ದಿನಗಳಲ್ಲಿ ಮಾಯವಾಗುವುದು. ಆದ್ದರಿಂದ ತಯಾರಕರು ರಾಸಾಯನಿಕದಿಂದ ಸರಪಳಿಗಳನ್ನು ಪರಸ್ಪರ ಬೆಸೆದು ಜೆಲ್ ಮಾಡುತ್ತಾರೆ. ಹೀಗೆ ಬೆಸೆದ ಜೆಲ್ ಸಾಮಾನ್ಯವಾಗಿ 6ರಿಂದ 18 ತಿಂಗಳು ಉಳಿಯುತ್ತದೆ. ದೇಹದ ಸಹಜ ವಸ್ತುವಿಗೂ ಇದಕ್ಕೂ ಇರುವ ಭೇದ ಇಲ್ಲಿಯೇ ಇದೆ.

ದ್ರವ್ಯವನ್ನು ಗುಣದಿಂದ ಅಳೆಯುವುದು ಆಯುರ್ವೇದದ ಕ್ರಮ. ಫಿಲ್ಲರ್ ಆಯುರ್ವೇದದ ಚಿಕಿತ್ಸೆಯಲ್ಲವಾದರೂ ಅದನ್ನು ಅರಿಯಲು ಈ ಕ್ರಮ ನೆರವಾಗುತ್ತದೆ.

ಮೊದಲನೆಯದು ಕಠಿಣ–ಮೃದು ಗುಣ. ಒತ್ತಿದಾಗ ಆಕಾರ ಬಿಡದ ಗಟ್ಟಿ ಜೆಲ್ ಗಲ್ಲದ ಎಲುಬಿನ ಮೇಲೆ ಆಳದಲ್ಲಿ ಸಲ್ಲುತ್ತದೆ. ಸದಾ ಅಲುಗಾಡುವ ತುಟಿಗೆ ಮೃದುವಾದದ್ದೇ ಬೇಕು. ಅಲ್ಲಿ ಗಟ್ಟಿಯಾದದ್ದು ಗಂಟಾಗಿ ತೋರುತ್ತದೆ.

ಎರಡನೆಯದು ಪಿಚ್ಛಿಲ ಗುಣ, ಅಂದರೆ ಜಿಗಿ. ಜೋಳದ ಹಿಟ್ಟಿಗೆ ಜಿಗಿ ಇಲ್ಲದಿದ್ದರೆ ರೊಟ್ಟಿ ಬಡಿಯುವಾಗ ಒಡೆಯುವುದನ್ನು ಗೃಹಿಣಿಯರು ಬಲ್ಲರು. ಜಿಗಿಯುಳ್ಳ ಜೆಲ್ ಒಂದಾಗಿ ನಿಲ್ಲುತ್ತದೆ. ಇಲ್ಲದ್ದು ಚೂರಾಗಿ ಚದುರಬಹುದು.

ಮೂರನೆಯದು ಉಬ್ಬುವ ಗುಣ. ಜೆಲ್ ಸುತ್ತಲಿನ ನೀರನ್ನು ಹೀರುವುದರಿಂದ ಕಣ್ಣಿನ ಕೆಳಗಿನ ತೆಳುಚರ್ಮದಲ್ಲಿ ಬಾವು ನಿಲ್ಲಬಹುದು. ತೀರ ಮೇಲ್ಪದರದಲ್ಲಿ ಚುಚ್ಚಿದರೆ ಬೆಳಕು ಚದುರಿ ಚರ್ಮವು ನೀಲಿಯಾಗಿ ಕಾಣುವುದುಂಟು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಜೆಲ್ ರಕ್ತನಾಳವನ್ನು ಹೊಕ್ಕು ಅದನ್ನು ಮುಚ್ಚುವುದು. ಆಗ ಚರ್ಮ ಬಿಳಿಚಿಕೊಂಡು ತೀವ್ರ ನೋವು ಬರುತ್ತದೆ. ಆ ಭಾಗ ಕೊಳೆಯಬಹುದು. ಕಣ್ಣಿನ ನಾಳ ಮುಚ್ಚಿದರೆ ದೃಷ್ಟಿಯೇ ಶಾಶ್ವತವಾಗಿ ಹೋಗಬಹುದು. ಜೆಲ್ಲನ್ನು ಕರಗಿಸಲು ಹೈಲುರೊನಿಡೇಸ್ ಎಂಬ ಕಿಣ್ವವಿದೆ. ಆದರೆ ಅದನ್ನು ತಡಮಾಡದೆ ಕೊಡಬೇಕು. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತುಂಬುವ ಪೆನ್ನುಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಎಚ್ಚರಿಸಿದೆ.

ಆದ್ದರಿಂದ ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ. ನಮ್ಮಂತಹ ಆಯುರ್ವೇದ ವೈದ್ಯರ ಕೆಲಸವೂ ಅಲ್ಲ. ತರಬೇತಿ ಪಡೆದ ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ನರು ಮಾಡತಕ್ಕದ್ದು. ಮಾಡಿಸಿಕೊಳ್ಳಲೇಬೇಕೆನ್ನುವವರು ಮೂರು ಪ್ರಶ್ನೆ ಕೇಳಿರಿ: ಜೆಲ್ಲಿನ ಹೆಸರೇನು, ಈ ಜಾಗಕ್ಕೆ ಅದೇ ಏಕೆ, ಕರಗಿಸುವ ಔಷಧ ಕೈಯಳತೆಯಲ್ಲಿ ಇದೆಯೇ? ಗರ್ಭಿಣಿಯರು, ಮುಖದಲ್ಲಿ ಸೋಂಕು ಇರುವವರು ಇದರಿಂದ ದೂರವಿರಬೇಕು.

ಎಣ್ಣೆಯ ಅಭ್ಯಂಗವಾಗಲಿ ಲೇಪವಾಗಲಿ ಒಣಚರ್ಮವನ್ನು ಮೃದುಗೊಳಿಸೀತು, ಕುಳಿಬಿದ್ದ ಕೆನ್ನೆಯನ್ನು ತುಂಬಲಾರದು. ಆದರೆ ಹೊಲಕ್ಕೆ ಹೋಗುವಾಗ ತಲೆಗೆ ಸೆರಗು ಅಥವಾ ರುಮಾಲು, ಹೊಗೆಸೊಪ್ಪಿನ ತ್ಯಾಗ, ಸಾಕಷ್ಟು ನಿದ್ರೆ ಇವು ಸುಕ್ಕನ್ನು ಮುಂದೂಡುತ್ತವೆ. ಇವುಗಳಿಗೆ ಖರ್ಚಿಲ್ಲ, ಅಪಾಯವೂ ಇಲ್ಲ.