ಗೆರೆ ಎಳೆಯುವ ಮೊದಲು ನೀರು ಇಂಗಿಸಿ ನೋಡಿ

ಊರಿನ ಜಮೀನು ಪಾಲಾಗುವಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ತಲೆಗೆ ಎಷ್ಟು ಸೆಂಟ್ಸ್, ದಾರಿ ಯಾವ ಕಡೆ? ನೀರು ಎಲ್ಲಿ ಇಂಗುತ್ತದೆ ಎಂಬುದನ್ನು ಇವೆರಡಕ್ಕಿಂತ ಮೊದಲು ಕೇಳಬೇಕು. ಕುಂದಾಪುರದ ಕಡೆಯ ನಮ್ಮ ಹಿರಿಯರ ಜಾಗ ಪಾಲಾಗುವಾಗ ನಾನು ಕಲಿತ ಪಾಠ ಇದು.

ನಾನಿರುವುದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ. ಅಕ್ಕ ಡೊಂಬಿವಲಿಯಲ್ಲಿ, ತಮ್ಮ ನವಿ ಮುಂಬೈಯಲ್ಲಿ, ಅಣ್ಣ ಊರಲ್ಲೇ. ನಿವೃತ್ತಿಯ ಮೇಲೆ ಊರಲ್ಲೊಂದು ಮನೆ ಕಟ್ಟುವ ಆಸೆ ಎಲ್ಲರದು. "ಎಲ್ಲರಿಗೂ ಸಮ ಬಂದ್ರೆ ಸಾಕಲ್ಲ ಮಾರಾಯ" ಎಂದಳು ಅಕ್ಕ. ಆದರೆ ನಾಲ್ಕು ಮನೆ ಎಂದರೆ ನಾಲ್ಕು ಬಾವಿ, ನಾಲ್ಕು ಶೌಚದ ಗುಂಡಿ. ಇಲ್ಲಿನ ಕಟ್ಟಡಗಳಲ್ಲಿ ಕೊಳಚೆ ಪೈಪಿನಲ್ಲಿ ಇಳಿದುಹೋಗುತ್ತದೆ. ಒಳಚರಂಡಿ ಇಲ್ಲದ ಹಳ್ಳಿಯಲ್ಲಿ ಅದನ್ನು ಮಣ್ಣೇ ಹೀರಬೇಕು. ಬೇಸಗೆಯಲ್ಲಿ ಟ್ಯಾಂಕರ್ ಕಾಯುವ ಘೋಡಬಂದರ್‌ನವರಿಗೆ ಒಳ್ಳೆಯ ಬಾವಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸರ್ವೆಯರನ್ನು ಕರೆಸುವ ಮೊದಲು ಇಂಗುವಿಕೆಯ ಪರೀಕ್ಷೆ ಮಾಡಿಸಿ ಎಂದರು ಪರಿಚಯದ ಸಿವಿಲ್ ಇಂಜಿನಿಯರ್. ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ ಐಎಸ್ 2470ರಲ್ಲಿ ಇದರ ಕ್ರಮವಿದೆ. ಗುಂಡಿಯ ನೀರು ಯಾವ ಆಳದಲ್ಲಿ ಇಂಗಬೇಕೋ ಅಲ್ಲಿಯವರೆಗೆ ಕಿರಿದಾದ ಹೊಂಡ ತೋಡಬೇಕು. ಹಾರೆ ತಾಗಿ ನುಣುಪಾದ ಬದಿಗಳನ್ನು ಕತ್ತಿಯ ಮೊನೆಯಿಂದ ಕೆರೆದು, ತಳಕ್ಕೆ 5 ಸೆಂಟಿಮೀಟರ್ ಜಲ್ಲಿ ಹಾಕಿ, ಮೇಲೆ 30 ಸೆಂಟಿಮೀಟರ್ ನೀರು ತುಂಬಿ ರಾತ್ರಿಯಿಡೀ ಬಿಡಬೇಕು. ಒಣಮಣ್ಣು ಮೊದಲ ನೀರನ್ನು ಗಟಗಟ ಕುಡಿದು ಮೋಸ ಮಾಡುತ್ತದೆ. ನೆನೆದು ಉಬ್ಬಿದ ಮೇಲೆ ಅದರ ನಿಜ ಗುಣ ತಿಳಿಯುವುದು. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಅಳೆಯಬೇಕು.

ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಮೂರೂ ಕಡೆ ಹೊಂಡ ತೋಡಿಸಿದೆವು. ಬೈಲಿನಲ್ಲಿ ಇಂಗುವ ಮಾತು ಹಾಗಿರಲಿ, ಬದಿಯಿಂದ ನೀರೇ ಒಸರತೊಡಗಿತು. ಬೆಟ್ಟಿನ ಮುರಕಲ್ಲಿನಲ್ಲಿ ಸುರಿದ ನೀರು ನೋಡನೋಡುತ್ತ ಮಾಯವಾಯಿತು. ತಮ್ಮನಿಗೆ ಖುಷಿ, ಆದರೆ ಇಂಜಿನಿಯರ್ ಬೇಡವೆಂದು ತಲೆಯಾಡಿಸಿದರು: ಇಷ್ಟು ಬೇಗ ಓಡುವ ಕೊಳಚೆಯನ್ನು ಸೋಸಲು ಮಣ್ಣಿಗೆ ವ್ಯವಧಾನವೇ ಇಲ್ಲ. ಕೆಳಗಿನ ಶೇಡಿಮಣ್ಣಿಗೆ ತಾಗಿ, ಅಡ್ಡಕ್ಕೆ ಹರಿದು, ಇಳಿಜಾರಿನ ಬಾವಿ ಸೇರಬಹುದು. ಮಜಲಿನಲ್ಲಿ ಮಾತ್ರ ನೀರು ನಿಧಾನವಾಗಿ, ಒಂದೇ ಹದದಲ್ಲಿ ಇಳಿಯಿತು.

ಇನ್ನೊಂದು ಲೆಕ್ಕವೂ ನಮ್ಮ ಕಣ್ಣು ತೆರೆಸಿತು. ಅದೇ ಮಾನಕದ ಪ್ರಕಾರ ಇಂಗುವ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕು. ಚೌಕಾಕಾರದ 5 ಸೆಂಟ್ಸ್ ಸೈಟಿನ ಒಂದು ಬದಿ 47 ಅಡಿಯೂ ಆಗುವುದಿಲ್ಲ! ನಮ್ಮ ಗುಂಡಿಯನ್ನು ದೂರವಿಟ್ಟರೂ ಪಕ್ಕದವರದು ಬೇಲಿಯಾಚೆಗೇ ಬರುತ್ತದೆ. ಮಳೆಗಾಲದಲ್ಲಿ ಬಾವಿನೀರು ಕೈಗೆಟಕುವ ಕರಾವಳಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಕೊನೆಗೆ ನಕ್ಷೆಯೇ ಬದಲಾಯಿತು. ಮನೆ ಸೈಟುಗಳೆಲ್ಲ ಮಜಲಿನಲ್ಲಿ, ಮೇಲಿನ ಬದಿಗೆ ಎಲ್ಲರಿಗೂ ಸೇರಿದ ಒಂದೇ ಬಾವಿ, ಗುಂಡಿಗಳೆಲ್ಲ ಕೆಳಗಿನ ಅಂಚಿಗೆ. ಬೈಲನ್ನು ತುಂಡು ಮಾಡದೆ ಗದ್ದೆಯಾಗಿಯೇ ಜಂಟಿಯಲ್ಲಿ ಇಟ್ಟುಕೊಂಡೆವು. ಬಾವಿಯ ಹಕ್ಕು, ಅದಕ್ಕೆ ಹೋಗುವ ದಾರಿ, ದುರಸ್ತಿಯ ಖರ್ಚು ಎಲ್ಲವನ್ನೂ ವಿಭಾಗಪತ್ರದಲ್ಲಿ ಬರೆಸಿದೆವು. ಅಕ್ಕ ಬಯಸಿದ ಸಮಪಾಲು ನಿಜವಾಗಿ ಸಿಕ್ಕಿದ್ದು ಆಗ.

ಪಾಲಿಗೆ ಕೂತಿರುವವರಿಗೆ ನನ್ನ ಕಳಕಳಿಯ ಮಾತು ಇಷ್ಟೇ. ಒಂದೇ ಹೊಂಡ ನೋಡಿ ತೀರ್ಮಾನಿಸಬೇಡಿ. ಮಣ್ಣು ಬದಲಾದಲ್ಲೆಲ್ಲ ತೋಡಿಸಿ. ನೆಲದ ನೀರು ಇನ್ನೂ ಮೇಲಿರುವಾಗ, ಮಳೆಗಾಲ ಮುಗಿಯುತ್ತಿದ್ದಂತೆ ಪರೀಕ್ಷೆ ಮಾಡಿಸಿ. ಮುಖ್ಯವಾಗಿ, ಪಾಲಿನ ಗೆರೆ ಗುರುತಿಸುವ 11ಇ ನಕ್ಷೆಗೆ ಅರ್ಜಿ ಹಾಕುವ ಮೊದಲೇ ಮಾಡಿಸಿ. ನೋಂದಣಿಯಾದ ಗೆರೆಯನ್ನು ಸರಿಸಲು ಎಲ್ಲ ಪಾಲುದಾರರೂ ಮತ್ತೆ ಒಪ್ಪಬೇಕು, ಮತ್ತೆ ಖರ್ಚು ಮಾಡಬೇಕು. ಈ ಪರೀಕ್ಷೆಗೆ ಬೇಕಾದದ್ದು ಹಾರೆ, ಅಳತೆಪಟ್ಟಿ, ಕೆಲವು ಕೊಡ ನೀರು ಮತ್ತು ಒಂದು ರಾತ್ರಿಯ ತಾಳ್ಮೆ.